ಬಿಚ್ಚದೆ ಬಿಟ್ಟ ಮೂರು ಮೊಳ

ಮೈಸೂರು
೨೧ ಮೇ ೨೦೨೩

ಪ್ರೀತಿಯ ಸರಸತ್ತೆಗೆ,

ನಿಮ್ಮ ಅಣ್ಣನ ಮಗಳು ರೋಜಾ ಬರೆಯುತ್ತಿರುವುದು. ಗಾಬರಿ ಬೇಡ, ಅಮ್ಮ, ನಾನು ಇಬ್ಬರೂ ಚೆನ್ನಾಗಿದ್ದೇವೆ. ಕೈಯಲ್ಲಿ ಫೋನಿರುವಾಗ ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ನೀವು ನಿಮ್ಮ ಮಗ ಶಿವಪ್ರಕಾಶ್ ಭಾವನ ಮುಂದೆ ನಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ.

ವಿಷಯ ಇಷ್ಟು. ನಮ್ಮ ಸಂಸ್ಥೆಯ ಅಧ್ಯಯನಕ್ಕೆ ನಿಮ್ಮ ಹೆಸರು ಸೇರಿದೆ. ಅಪ್ಪನನ್ನು ಕಾಡಿದ, ಈಗ ನಿಮ್ಮ ಕೈಗೂ ಬಂದು ಕೂತಿರುವ ಅಟಾಕ್ಸಿಯಾ ಕಾಯಿಲೆಗೆ ಒಂದು ಹೊಸ ಮಾತ್ರೆ ಕೊಟ್ಟು ನೋಡುತ್ತಾರೆ. ಕಿರುಮೆದುಳು ಸವೆಯುತ್ತಾ ಹೋಗುತ್ತದೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಆಮೇಲೆ ನಾಲಿಗೆಯೂ ಕೇಳುವುದಿಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಈ ಮಾತ್ರೆ ಕಾಯಿಲೆಯ ವೇಗವನ್ನಾದರೂ ತಗ್ಗಿಸುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಒಟ್ಟು ಇಪ್ಪತ್ತೆರಡು ಜನ ಇದ್ದೀರಿ, ಎಲ್ಲರಿಗೂ ಅದೇ ಮಾತ್ರೆ.

ಮಾತ್ರೆ ನುಂಗುವುದರ ಜೊತೆಗೆ ಒಂದು ಕೆಲಸವಿದೆ. ತಿಂಗಳ ಒಂದನೇ ತಾರೀಖು ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಒಂದು ಪುಟ ಬರೆದಿಟ್ಟು, ಮೂರನೇ ಬುಧವಾರ ಕೊಳ್ಳೇಗಾಲದ ಕ್ಯಾಂಪಿಗೆ ನಮ್ಮ ನರ್ಸ್ ಬಂದಾಗ ಅವರ ಕೈಗೆ ಕೊಡಬೇಕು. ಅಕ್ಷರ ಎಷ್ಟು ಅಲುಗಿದೆ, ಸಾಲು ಎಷ್ಟು ಜಾರಿದೆ ಎಂದು ಇಲ್ಲಿ ಅಳೆಯುತ್ತಾರೆ. ನೀವು ನನ್ನ ಅತ್ತೆ ಎಂದು ಅಧ್ಯಯನ ನಡೆಸುವ ಮೇಡಂಗೆ ಹೇಳಿಬಿಟ್ಟಿದ್ದೇನೆ. ಹಾಗಾಗಿ ಅಳೆಯುವವರು ಬೇರೆ. ನಾನು ಕ್ಯಾಂಪಿಗೂ ಬರುವಂತಿಲ್ಲ. ಅಳೆದಾದ ಮೇಲೆ ಓದುವುದಕ್ಕೆ ಮಾತ್ರ ನನಗೆ ಕೊಡುತ್ತಾರೆ. ಪೇಪರು ನೋಡಿ ನಕಲು ಮಾಡುವ ಬದಲು ನನಗೇ ಕಾಗದ ಬರೆಯಿರಿ. ನೀವು ಬರೆದರೆ ನಾನೂ ಬರೆಯುತ್ತೇನೆ, ಮೋಸವಿಲ್ಲ. ‘ಒಂದು ಪುಟ ಅಂದವಾಗಿ ಬರೆಯಿರಿ’ ಎಂಬ ಸೂಚನೆಯ ಚೀಟಿ ಇದರ ಜೊತೆಗಿದೆ. ಅದನ್ನು ಕನ್ನಡದಲ್ಲಿ ಬರೆದವಳು ನಾನೇ, ಮೆಚ್ಚಿಕೊಳ್ಳಿ.

ಇನ್ನೊಂದು ಮಾತು. ಅಪ್ಪನ ಮಗಳಾದ್ದರಿಂದ ನನಗೂ ಈ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ರಕ್ತ ಕೊಟ್ಟರೆ ತಿಳಿದುಬಿಡುತ್ತದೆ. ನಾನು ಕೊಟ್ಟಿಲ್ಲ, ಧೈರ್ಯ ಬರುತ್ತಿಲ್ಲ. ನಿಮ್ಮ ಹಾಳೆಗಾಗಿ ನಾನು ಕಾಯುವುದು ಬರೀ ಕೆಲಸದ ಸಲುವಾಗಿ ಅಲ್ಲ ಅತ್ತೆ.

ನಿಮ್ಮ ರೋಜಾ


ಕೊಳ್ಳೇಗಾಲ
೧ ಜೂನ್ ೨೦೨೩

ಚಿರಂಜೀವಿ ರೋಜಾಳಿಗೆ ಸರಸತ್ತೆಯ ಆಶೀರ್ವಾದ.

ಕ್ಷೇಮ ಎಂದು ಶುರುಮಾಡುವುದು ಪದ್ಧತಿ. ಕ್ಷೇಮವಾಗಿದ್ದರೆ ನಿಮ್ಮ ಸಂಸ್ಥೆಯವರು ನನಗೆ ಬಿಳಿ ಹಾಳೆ ಯಾಕೆ ಕೊಡುತ್ತಿದ್ದರು, ನೀನೇ ಹೇಳು. ಆದರೂ ಉಂಡುತಿಂದು ಚೆನ್ನಾಗಿದ್ದೇನೆ.

ಏಳನೇ ಕ್ಲಾಸಿನ ಪರೀಕ್ಷೆಯ ನಂತರ ನಾನು ಇಷ್ಟುದ್ದ ಬರೆದದ್ದೇ ಇಲ್ಲ. ಶಿವ ಮಗ್ಗದ ಗುಂಡಿಯಿಂದಲೇ ತಲೆಯೆತ್ತಿ, “ಏನವ್ವಾ, ಕಾಗ್ದ ಬರೀತಿದ್ದೀಯೋ, ಎಸ್ಸೆಲ್ಸಿ ಕಟ್ಟಿದ್ದೀಯೋ?” ಎಂದು ರೇಗಿಸುತ್ತಾನೆ. ಅವನಿಗೇನು, ಅವನ ಕೈ ನೆಟ್ಟಗಿದೆ. ಅವನು ರಕ್ತ ಕೊಟ್ಟು, ಇಲ್ಲ ಎಂದು ಚೀಟಿ ತಂದ ದಿನ ನಾನು ಪಾಯಸ ಮಾಡಿದ್ದೆ. ನಿನಗೂ ಮಾಡುವ ಆಸೆ ಇದೆ ಎಂದಷ್ಟೇ ಹೇಳುತ್ತೇನೆ, ಒತ್ತಾಯವಿಲ್ಲ.

ನನ್ನ ಕೈ ತಪ್ಪಿದೆ ಎಂದು ಮೊದಲು ಹೇಳಿದ್ದು ಯಾವ ಡಾಕ್ಟರೂ ಅಲ್ಲ, ಬಟ್ಟೆ. ಎಳೆ ಕೂಡಿಸಲು ಹಣಿಗೆ ಬಡಿಯುವಾಗ ಒಂದು ಏಟು ಗಟ್ಟಿ, ಒಂದು ಏಟು ಸಡಿಲ. ಹಾಗಾದರೆ ರೇಷ್ಮೆಯ ಮೇಲೆ ಅಡ್ಡ ಪಟ್ಟೆ ಬೀಳುತ್ತದೆ. ಬೆಳಕಿಗೆ ಹಿಡಿದರೆ ಸಾಕು, ಕಂಡುಬಿಡುತ್ತದೆ. ಆದರೆ ನಮ್ಮ ಮನೆಯಿಂದ ಪಟ್ಟೆ ಬಿದ್ದ ಸೀರೆ ಯಾವತ್ತೂ ಹೊರಗೆ ಹೋಗಿಲ್ಲ. ತಪ್ಪಿದಷ್ಟು ಹೊಕ್ಕಿನೆಳೆ ಬಿಚ್ಚುತ್ತೇವೆ, ಮತ್ತೆ ನೇಯುತ್ತೇವೆ, ಸರಿಯಾದ ಮೇಲೆಯೇ ಸಾಹುಕಾರರ ಅಂಗಡಿಗೆ ಕೊಡುತ್ತೇವೆ. ನಿನ್ನ ಅತ್ತೆ ಅಂಥ ಮನೆಯವಳು. ಅಂದವಾಗಿ ಬರೆಯಿರಿ ಎಂದಿದ್ದೀಯಲ್ಲ, ಅಂದವಾಗಿಯೇ ಬರುತ್ತದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ
ಸರಸ್ವತಮ್ಮ


ಮೈಸೂರು
೨೫ ಆಗಸ್ಟ್ ೨೦೨೩

ಪ್ರೀತಿಯ ಅತ್ತೆ,

ನಿಮ್ಮ ಮೂರೂ ಹಾಳೆ ಬಂದವು. ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆ. ‘ಳ’ ಎಷ್ಟು ಗುಂಡಗೆ ಬರೆಯುತ್ತೀರಿ! ನಮ್ಮ ಲ್ಯಾಬಿನ ಹುಡುಗಿಯರು ನಿಮ್ಮ ಕಾಗದಕ್ಕೆ ಕಿತ್ತಾಡುತ್ತಾರೆ. ಸಾಹುಕಾರರ ಹೆಂಡತಿ ಸೀರೆಯ ಬೆಲೆ ಕೇಳಿ ಕೂತಲ್ಲೇ ನಿದ್ದೆ ಹೋದಂತೆ ನಟಿಸಿದ್ದನ್ನು ಓದಿ ಮೇಡಂ ಕೂಡ ನಕ್ಕರು.

ಒಂದು ವಿಷಯ ಕೇಳಬೇಕು. ಅಪ್ಪನಿಗೆ ಕಾಯಿಲೆ ಶುರುವಾದದ್ದು ೨೦೧೪ರಲ್ಲಿ, ನಲವತ್ತೇಳನೇ ವಯಸ್ಸಿನಲ್ಲಿ ಎಂದು ಆಸ್ಪತ್ರೆಯ ಫೈಲಿನಲ್ಲಿದೆ. ಅದು ಅವರು ಸ್ಕೂಟರಿನಿಂದ ಬಿದ್ದ ವರ್ಷ. ಅದಕ್ಕೂ ಮುಂಚೆ ಏನೂ ಇರಲಿಲ್ಲವೇ? ನಾನು ಆಗ ಹಾಸ್ಟೆಲಿನಲ್ಲಿದ್ದೆ, ಅಮ್ಮನಿಗೆ ನೆನಪಿಲ್ಲ. ಪಕ್ಕದ ಮಗ್ಗದಲ್ಲಿ ಕೂತವರು ನೀವು. ಈ ಕಾಯಿಲೆ ತಲೆಮಾರು ಇಳಿದಂತೆ ಬೇಗ ಬರುವುದುಂಟು. ಅಪ್ಪನಿಗೆ ನಿಜವಾಗಿ ಯಾವ ವಯಸ್ಸಿಗೆ ಬಂತು ಎನ್ನುವುದು ನಮ್ಮ ಅಧ್ಯಯನಕ್ಕೂ ಬೇಕು, ನನಗೂ ಬೇಕು. ನನಗೀಗ ಇಪ್ಪತ್ತೆಂಟು.

ಮತ್ತೆ, ನಿಮ್ಮ ಫೋನಿಗೇನಾಗಿದೆ? ಹದಿನೈದು ದಿನದಿಂದ ಭಾವನ ಫೋನಿಗೇ ಮಾಡಬೇಕಾಗಿದೆ.

ನಿಮ್ಮ ರೋಜಾ


ಕೊಳ್ಳೇಗಾಲ
೧ ಸೆಪ್ಟೆಂಬರ್ ೨೦೨೩

ಚಿ. ರೋಜಾಗೆ,

ಫೋನು ಕೆಟ್ಟಿದೆ. ರಿಪೇರಿಗೆ ಕೊಡುವಷ್ಟು ಅವಸರ ನನಗಿಲ್ಲ. ಹೇಗೂ ಕಾಗದ ಇದೆಯಲ್ಲ, ಇದರಲ್ಲಿ ನೀನು ಮಧ್ಯೆ ಬಾಯಿ ಹಾಕುವುದಿಲ್ಲ.

ಕ್ಯಾಂಪಿನಲ್ಲಿ ನನಗೊಬ್ಬ ತಮ್ಮ ಸಿಕ್ಕಿದ್ದಾನೆ. ಮಾಂಬಳ್ಳಿಯ ಕೆಂಪನಂಜಪ್ಪ ಎಂದು ಹೆಸರು, ಕಬ್ಬು ಬೆಳೆಯುವ ಮನುಷ್ಯ. ಅವನಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಬಸ್ಸಿನಲ್ಲಿ ನಿಲ್ಲಲು ಆಗದೆ ಆಟೋ ಮಾಡಿಕೊಂಡು ಬರುತ್ತಾನೆ. ಅವನ ಹಾಳೆ ನೋಡಿದೆ. ಪಾಪ, ಅಕ್ಷರ ಒಂದೊಂದೂ ಒಂದೊಂದು ದಿಕ್ಕಿಗೆ ಹೊರಟಿವೆ. ಅವನಿಗೆ ಅದರ ನಾಚಿಕೆಯೂ ಇಲ್ಲ. ಕೂತಲ್ಲೇ ಗೀಚಿ ಕೊಟ್ಟುಬಿಡುತ್ತಾನೆ. ನಾನು ಕೊಡುವಾಗ ನರ್ಸಮ್ಮ, “ನೋಡಿ, ಸರಸ್ವತಮ್ಮೋರ್ದು ಪ್ರಿಂಟಾಕ್ದಂಗದೆ” ಎಂದರು. ಅವನು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದ.

ನಿಮ್ಮಪ್ಪನದು ೨೦೧೪ ಎಂದೇ ಬರೆದುಕೋ. ಫೈಲಿನಲ್ಲಿ ಇದ್ದದ್ದು ಇರಲಿ.

ನಿನ್ನ ಅತ್ತೆ
ಸರಸ್ವತಮ್ಮ


ಮೈಸೂರು
೧೭ ನವೆಂಬರ್ ೨೦೨೩

ಪ್ರೀತಿಯ ಅತ್ತೆ,

ನನಗೆ ನಿಮ್ಮ ಮೇಲೆ ಕೋಪ. ದೀಪಾವಳಿಗೆ ಬರುತ್ತೇನೆ ಎಂದರೆ ಸೊಸೆಯ ತವರು ಹನೂರಿಗೆ ಹೊರಟೆವು ಎಂದು ಭಾವನ ಕೈಲಿ ಹೇಳಿಸಿದಿರಿ. ಹಬ್ಬದ ದಿನ ನಿಮ್ಮ ಕೈಯ ಒಬ್ಬಟ್ಟು ತಪ್ಪಿದ್ದು ಇದೇ ಮೊದಲು. ಇರಲಿ, ಕೋಪಕ್ಕಿಂತ ಸಂತೋಷ ದೊಡ್ಡದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ, ನಿಮ್ಮ ಅಕ್ಷರ ಜೂನಿನಲ್ಲಿ ಹೇಗಿತ್ತೋ ಹಾಗೇ ಇದೆ! ಅಳೆಯುವವರು ಮೇಡಂಗೆ ತೋರಿಸಿದರು. ಉಳಿದವರದು ಬಹುಪಾಲು ಇಳಿದಿದೆ, ನಿಮ್ಮದು ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಅದೇ ಕಾಯಿಲೆ, ಅದೇ ರಕ್ತ, ನಮ್ಮದೇ ಮನೆತನ. ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಈಗ ಗುಟ್ಟಿನ ಮಾತು. ಯಳಂದೂರಿನ ಹೈಸ್ಕೂಲಿನಲ್ಲಿ ಮಧು ಎಂಬವರು ಗಣಿತದ ಮೇಷ್ಟ್ರು. ಎರಡು ವರ್ಷದಿಂದ ಮದುವೆಯಾಗೋಣ ಎನ್ನುತ್ತಿದ್ದಾರೆ. ನನ್ನ ಅರ್ಧಕ್ಕರ್ಧದ ಕಥೆ ಅವರಿಗೆ ಗೊತ್ತು. “ಅರ್ಧ ಬರ್ಬೋದು ಅಂದ್ರೆ ಅರ್ಧ ಬರ್ದೇನೂ ಇರ್ಬೋದು ಅಲ್ವೇನ್ರಿ?” ಎನ್ನುತ್ತಾರೆ. ನಾನೇ ಹಿಂದೆ ಸರಿಯುತ್ತಿದ್ದೆ. ಮೊನ್ನೆ ನಿಮ್ಮ ಹಾಳೆ ನೋಡಿದ ಮೇಲೆ ಆಗಲಿ ಎಂದೆ. ಅಮ್ಮನಿಗೂ ಇನ್ನೂ ಹೇಳಿಲ್ಲ, ನಿಮಗೇ ಮೊದಲು.

ನಿಮ್ಮ ರೋಜಾ


ಕೊಳ್ಳೇಗಾಲ
೧ ಡಿಸೆಂಬರ್ ೨೦೨೩

ಚಿ. ರೋಜಾಗೆ,

ಮಧು ಒಳ್ಳೆಯವನಂತೆ ಕಾಣುತ್ತಾನೆ. ನಿನಗೆ ನನ್ನ ಸೀರೆಯೇ ಆಗಬೇಕು.

ಕ್ಯಾಂಪಿನಲ್ಲಿ ಕೆಂಪನಂಜಪ್ಪ ಕೇಳಿದ: “ಅಕ್ಕಾ, ನೀವು ಯಾವ್ ದ್ಯಾವ್ರಿಗ್ ಅರ್ಕೆ ಕಟ್ಟಿದ್ದೀರಿ? ನನ್ಗೂ ಹೇಳಿ. ನಾನೂ ಅದೇ ಮಾತ್ರೆ ತಕತೀನಿ, ಉಪ್ಪೂ ಬುಟ್ಟಿವ್ನಿ, ಕಾಫಿನೂ ಬುಟ್ಟಿವ್ನಿ. ನಾನೇ ಏನೋ ತಪ್ ಮಾಡ್ತಾ ಇವ್ನಿ ಕಣಕ್ಕಾ.” ನಾನು ಮಾತ್ರೆಯ ಪೊಟ್ಟಣ ತೆಗೆದುಕೊಂಡು ಮನೆಗೆ ಬಂದೆ.

ಈ ತಿಂಗಳು ಇಷ್ಟೇ.

ನಿನ್ನ ಅತ್ತೆ
ಸರಸ್ವತಮ್ಮ


ಮೈಸೂರು
೧೪ ಜನವರಿ ೨೦೨೪

ಪ್ರೀತಿಯ ಅತ್ತೆ,

ಎಳ್ಳುಬೆಲ್ಲ ಇದರ ಜೊತೆಗಿದೆ. ಪುಡಿಯಾಗಿ ತಲುಪಿದರೆ ಅಂಚೆಯವರನ್ನು ಬಯ್ಯಿರಿ.

ಡಿಸೆಂಬರಿನ ಹಾಳೆ ಅಷ್ಟು ಚಿಕ್ಕದಾಗಿತ್ತು, ಅಳೆಯುವವರು ಗೊಣಗಿದರು. ನನಗೂ ಒಂದು ಥರಾ ಆಯಿತು. ಆದರೆ ಅಕ್ಷರ ಅದೇ ಮುತ್ತು. ಫೆಬ್ರವರಿಯ ಕೊನೆಗೆ ಮೊದಲ ವರದಿ ಹೋಗುತ್ತದೆ. ಒಬ್ಬರಲ್ಲಿ ಇಷ್ಟು ಚೆನ್ನಾಗಿ ನಿಂತಿದೆ ಎಂದರೆ ಉಳಿದವರಿಗೆ ಮಾತ್ರೆಯ ಪ್ರಮಾಣ ಹೆಚ್ಚಿಸಿ ನೋಡೋಣ ಎಂಬ ಮಾತು ನಡೆದಿದೆ. ನಿಮ್ಮ ಒಂದು ಪುಟ ಎಷ್ಟು ಕೆಲಸ ಮಾಡಿದೆ ನೋಡಿ.

ನಾನೂ ತೀರ್ಮಾನ ಮಾಡಿದ್ದೇನೆ. ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಇದ್ದರೆ ಇರಲಿ, ಮಾತ್ರೆ ಇದೆಯಲ್ಲ. ಮಧುಗೂ ಹಾಗೇ ಹೇಳಿದೆ, ಇನ್ನು ಹೆದರುವಂಥದ್ದೇನೂ ಇಲ್ಲ ಎಂದೆ. ಮೇ ತಿಂಗಳಲ್ಲಿ ಮದುವೆ. ಎಷ್ಟು ವರ್ಷದ ಮೇಲೆ ಹಗುರಾಗಿ ಉಸಿರಾಡುತ್ತಿದ್ದೇನೆ ಗೊತ್ತಾ ಅತ್ತೆ?

ನಿಮ್ಮ ರೋಜಾ


ಕೊಳ್ಳೇಗಾಲ
೨೨ ಜನವರಿ ೨೦೨೪

ನನ್ನ ಬಂಗಾರ ರೋಜಾ,

ಇವತ್ತು ಒಂದನೇ ತಾರೀಖಲ್ಲ. ಈ ಕಾಗದವನ್ನು ಒಂದೇ ಸಲ ಬರೆದಿದ್ದೇನೆ. ಓದಲು ಕಷ್ಟವಾಗುತ್ತದೆ. ಕಷ್ಟಪಟ್ಟು ಓದು.

ಇದರ ಜೊತೆಗಿರುವ ಕಟ್ಟಿನಲ್ಲಿ ಎಂಬತ್ತಮೂರು ಹಾಳೆ ಇವೆ. ನಿನಗೆ ಕಳಿಸಿದ ಒಂದೊಂದು ಪುಟಕ್ಕೂ ನಾನು ಎಂಟು, ಹತ್ತು, ಕಳೆದ ತಿಂಗಳಂತೂ ಹದಿನಾರು ಹಾಳೆ ಬರೆದೆ. ಒಂದನೇ ತಾರೀಖು ಶುರು ಮಾಡಿದರೆ ಕ್ಯಾಂಪಿನ ಹಿಂದಿನ ದಿನಕ್ಕೆ ಒಂದು ಸರಿಯಾಗುತ್ತಿತ್ತು. ಕೈ ಒಳ್ಳೆಯದಿರುವ ಬೆಳಿಗ್ಗೆ ಕಾದು, ಮೊಣಕೈಯನ್ನು ಗೋಡೆಗೆ ಒತ್ತಿ, ಉಸಿರು ಹಿಡಿದು ಬರೆಯುತ್ತಿದ್ದೆ. ಡಿಸೆಂಬರಿನಲ್ಲಿ ಹದಿನಾರು ಬರೆದರೂ ಉದ್ದದ್ದು ಒಂದೂ ನೆಟ್ಟಗೆ ಬರಲಿಲ್ಲ. ಅದಕ್ಕೇ ಅಷ್ಟು ಚಿಕ್ಕದು. ಮೊದಮೊದಲು ನಾನು ಇದನ್ನು ಮೋಸ ಎಂದುಕೊಳ್ಳಲಿಲ್ಲ. ಕೆಟ್ಟದ್ದನ್ನು ಬಿಚ್ಚಿ, ಒಳ್ಳೆಯದನ್ನು ಕೊಡುವುದು ನಮ್ಮ ಕಸುಬು. ಅಂದವಾಗಿ ಎಂದು ನೀನೂ ಬರೆದಿದ್ದೆ. ಸೆಪ್ಟೆಂಬರಿನ ಹೊತ್ತಿಗೆ ಅದು ಮೋಸವೇ ಎಂದು ಗೊತ್ತಾಯಿತು. ಆಗಲಾದರೂ ನಿಲ್ಲಿಸಬಹುದಿತ್ತು. ಆದರೆ ನನ್ನ ಅಕ್ಷರ ನೋಡಿ ನಿನಗೆ ಧೈರ್ಯ ಬರುತ್ತಿತ್ತು, ನನಗೆ ಬಿಡಲಾಗಲಿಲ್ಲ. ಫೋನು ಕೆಟ್ಟಿಲ್ಲ, ನನ್ನ ಮಾತು ತೊದಲುತ್ತದೆ. ಕ್ಯಾಂಪಿನಲ್ಲಿ ಎಲ್ಲರೂ ತೊದಲುವವರೇ, ನರ್ಸಮ್ಮ ಹಾಳೆ ಮಾತ್ರ ನೋಡುತ್ತಾರೆ. ಹಬ್ಬಕ್ಕೆ ಹನೂರಿಗೂ ಹೋಗಿರಲಿಲ್ಲ. ನೀನು ಬಂದರೆ ನಾನು ಗೋಡೆ ಹಿಡಿದು ನಡೆಯುವುದನ್ನು ನೋಡುತ್ತಿದ್ದೆ. ಶಿವನ ಕೈಲಿ ಸುಳ್ಳು ಹೇಳಿಸಿದೆ, ಅವನನ್ನು ಬಯ್ಯಬೇಡ.

ಈಗ ನಿಮ್ಮಪ್ಪನ ವಿಷಯ. ೨೦೧೪ ಅಲ್ಲ, ೨೦೧೧. ಅವನ ಸೀರೆಯಲ್ಲಿ ಪಟ್ಟೆ ಬೀಳುವುದನ್ನು ನಾನು ಮೊದಲು ನೋಡಿದೆ. ಸಾಹುಕಾರರು ಕುಡಿಯುತ್ತಾನೆ ಎಂದುಕೊಂಡಾರು, ಮಗ್ಗ ಕಿತ್ತುಕೊಂಡಾರು ಎಂದು ನನಗೆ ಭಯ. ಸಂಜೆ ಅಣ್ಣ ಟೀ ಕುಡಿಯಲು ಹೋದಾಗ ಅವನ ಗುಂಡಿಗೆ ಇಳಿದು, ತಪ್ಪಿದಷ್ಟನ್ನು ಬಿಚ್ಚಿ ನಾನು ನೇಯುತ್ತಿದ್ದೆ. ಎರಡೂವರೆ ವರ್ಷ ನೇಯ್ದೆ. ಅವನಿಗೆ ಗೊತ್ತಿದೆ, ಸುಮ್ಮನಿದ್ದಾನೆ ಎಂದುಕೊಂಡಿದ್ದೆ. ಒಂದು ದಿನ ನನ್ನನ್ನು ಕರೆದು, “ಸರಸಿ, ಬಾ ನೋಡಿಲ್ಲಿ. ನೆನ್ನೆ ನೇಯ್ದಿದ್ದು ಎಂಗದೆ? ನನ್ ಕೈ ಸರಿ ಓಯ್ತಾ ಅದೆ ಕಣವ್ವ” ಎಂದ. ಅವನ ಮುಖದಲ್ಲಿ ಅಂಥ ನಗು. ನಾನು ಬಾಯಿ ಬಿಡಲಿಲ್ಲ ರೋಜಾ. ಕೈ ಸರಿಯಾಯಿತು ಎಂದು ನಂಬಿ ಮಾರನೇ ವಾರ ಸ್ಕೂಟರ್ ತೆಗೆದುಕೊಂಡು ಹನೂರಿಗೆ ಹೊರಟ, ದಾರಿಯಲ್ಲಿ ಬಿದ್ದ. ಸೊಂಟ ಮುರಿದು ಮಲಗಿದವನು ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ಮಲಗಿದಲ್ಲೇ ಐದು ವರ್ಷ ಕಳೆದು ಹೋಗಿಬಿಟ್ಟ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೊನ್ನೆ ನಿನ್ನ ಕಾಗದದಲ್ಲಿ ‘ಮಾತ್ರೆ ಇದೆಯಲ್ಲ’ ಎಂದು ಓದಿದಾಗ ನನಗೆ ಅಣ್ಣನ ಆ ನಗು ಕಂಡಿತು. ಅವತ್ತು ಅವನಿಗೆ ಹೇಳಬೇಕಾದದ್ದನ್ನು ಇವತ್ತು ನಿನಗೆ ಹೇಳುತ್ತಿದ್ದೇನೆ. ಮಾತ್ರೆ ನನ್ನ ಕೈಯನ್ನು ನಿಲ್ಲಿಸಿಲ್ಲ. ಬೇರೆಯವರಿಗೆ ಹೆಚ್ಚು ಕೊಡಬೇಡಿ ಎಂದು ಮೇಡಂಗೆ ಹೇಳು. ಹಾಳೆಗಳನ್ನು ನಾನು ಎಸೆದಿಲ್ಲ. ಎಳೆಯ ತುಂಡೂ ಎಸೆಯುವವಳಲ್ಲ ನಾನು. ಎಲ್ಲದರ ಮೇಲೂ ಬರೆದ ದಿನದ ನಿಜವಾದ ತಾರೀಖಿದೆ.

ಕೋಪ ಮಾಡಿಕೋ. ಆದರೆ ಕಾಗದ ಬರೆಯುವುದು ಬಿಡಬೇಡ.

ನಿನ್ನ ಸರಸತ್ತೆ


ಮೈಸೂರು
೨೫ ಫೆಬ್ರವರಿ ೨೦೨೪

ಅತ್ತೆ,

ಒಂದು ತಿಂಗಳು ಬರೆಯಲಿಲ್ಲ. ಕೋಪ ಮಾಡಿಕೋ ಎಂದಿರಿ, ಮಾಡಿಕೊಂಡೆ. ಅಪ್ಪನ ವಿಷಯ ಓದಿ ನಿಮ್ಮ ಕಾಗದವನ್ನು ಹರಿಯುವುದಕ್ಕೇ ಹೋಗಿದ್ದೆ. ಆಮೇಲೆ ಸಂಜೆ ಟೀ ಹೊತ್ತಿನಲ್ಲಿ ನೀವೊಬ್ಬರೇ ಆ ಗುಂಡಿಗೆ ಇಳಿಯುವುದು ಕಣ್ಣಿಗೆ ಕಟ್ಟಿತು. ನಿಮ್ಮ ಮಗ್ಗದ ಕೆಲಸ ಮುಗಿಸಿದ ಮೇಲೆ ಅಪ್ಪನ ಕೆಲಸ. ಎರಡೂವರೆ ವರ್ಷ. ಅಪ್ಪನಿಗೆ ಹೇಳಬೇಕಿತ್ತು ಅತ್ತೆ. ಹೇಳಬೇಕಿತ್ತು ಎಂದೂ ಅನ್ನುತ್ತೇನೆ, ನಿಮ್ಮನ್ನು ಅಪ್ಪಿಕೊಂಡು ಅಳಬೇಕು ಎಂದೂ ಅನಿಸುತ್ತದೆ. ಎರಡೂ ನಿಜ.

ಕಟ್ಟನ್ನು ಬಿಚ್ಚದೆ ಮೇಡಂ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಅಳೆಯುವವರು ಎಂಬತ್ತಮೂರನ್ನೂ ತಾರೀಖಿನ ಪ್ರಕಾರ ಜೋಡಿಸಿದರು. ಅಕ್ಷರ ಜೂನಿನಿಂದ ಜನವರಿಯವರೆಗೆ ಇಳಿದಿದೆ, ಉಳಿದವರಷ್ಟೇ ಇಳಿದಿದೆ. ಮಾತ್ರೆ ಕೆಲಸ ಮಾಡಿಲ್ಲ ಎಂದೇ ವರದಿ ಹೋಯಿತು. ಪ್ರಮಾಣ ಹೆಚ್ಚಿಸುವುದು ನಿಂತಿತು. ಯಾವ ರೋಗಿಯೂ ಇಷ್ಟು ದಿನಗಳ ಬರಹ ಕೊಟ್ಟಿಲ್ಲವಂತೆ. ಯಾವ ಹೊತ್ತಿನಲ್ಲಿ ಕೈ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ ಎಂದು ಮುಂದಿನ ಅಧ್ಯಯನಕ್ಕೆ ಅದನ್ನು ಇಟ್ಟುಕೊಂಡಿದ್ದಾರೆ. ತಪ್ಪು ನನ್ನದೂ ಇದೆ. ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರಿಗೆ ಅಂದವಾಗಿ ಬರೆಯಿರಿ ಎಂದೆನಲ್ಲ! ಹೊಸ ಚೀಟಿಯಲ್ಲಿ ‘ಒಂದೇ ಸಲ ಬರೆಯಿರಿ, ಹೇಗಿದ್ದರೂ ಅದನ್ನೇ ಕೊಡಿ’ ಎಂದು ಬರೆದಿದ್ದೇನೆ.

ಮಧುಗೆ ಹೇಳಿದೆ. ಮದುವೆಯ ಮಾತು ವಾಪಸು ತೆಗೆದುಕೊಳ್ಳಿ ಎಂದೂ ಹೇಳಿದೆ. “ನಾನು ನಿಮ್ಮನ್ನ ಕೇಳಿದ್ದು ಮಾತ್ರೆ ಬರಕ್ ಮುಂಚೆ ಕಣ್ರಿ” ಎಂದರು. ರಕ್ತ ಕೊಡುತ್ತೇನೋ ಇಲ್ಲವೋ, ಇನ್ನೂ ತಿಳಿಯದು. ಕಣ್ಣು ಮುಚ್ಚಿಕೊಂಡು ಮಾತ್ರ ಬೇಡ ಎನ್ನುವುದಿಲ್ಲ. ಅದಕ್ಕೆ ಮುಂಚೆ ಒಂದು ಕೆಲಸ ಶುರು ಮಾಡಿದ್ದೇನೆ. ಇನ್ನು ಮೇಲೆ ನಾನೂ ತಿಂಗಳಿಗೊಂದು ಹಾಳೆ ಒಂದೇ ಸಲ ಬರೆದು ನಿಮಗೆ ಕಳಿಸುತ್ತೇನೆ. ನೀವು ಬೆಳಕಿಗೆ ಹಿಡಿದು ನೋಡಿ. ಏನಾದರೂ ಕಂಡರೆ ಮುಚ್ಚಿಡದೆ ಹೇಳಬೇಕು. ಇದೇ ಮೊದಲನೆಯದು.

ಮತ್ತೆ ದಯವಿಟ್ಟು ಫೋನ್ ಎತ್ತಿ. ತೊದಲಿದರೆ ತೊದಲಲಿ.

ನಿಮ್ಮ ರೋಜಾ


ಕೊಳ್ಳೇಗಾಲ
೧ ಏಪ್ರಿಲ್ ೨೦೨೪

ರೋಜಾ,

ಒಂದೇ ಸಲ ಬರೆದದ್ದು.

ನಿನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇವತ್ತಿಗೆ ಏನೂ ಇಲ್ಲ. ಕಂಡ ದಿನ ಹೇಳುತ್ತೇನೆ, ಆಣೆ.

ಕೆಂಪನಂಜಪ್ಪನಿಗೆ ಎಲ್ಲ ಹೇಳಿ ಕೈಮುಗಿದೆ. “ಅಂಗಾದ್ರೆ ನಾನು ತಪ್ ಮಾಡಿಲ್ವಾ ಅಕ್ಕಾ?” ಎಂದ. ಇಲ್ಲಪ್ಪ ಎಂದೆ. “ಏಳ್ ತಿಂಗ್ಳಿಂದ ಉಪ್ಪಿಲ್ದೆ ಉಂಡಿವ್ನಲ್ಲಕ್ಕಾ!” ಎಂದು ನಕ್ಕ. ಮಾರನೇ ದಿನ ಅವನನ್ನು ಮನೆಗೆ ಕರೆಸಿ ಉಪ್ಪುಹಾಕಿದ ಉಪ್ಪಿಟ್ಟು ತಿನ್ನಿಸಿದೆ.

ನಿನ್ನ ಮದುವೆಯ ಸೀರೆ ಮಗ್ಗದಿಂದ ಇಳಿಯಿತು. ಬದನೆಕಾಯಿ ಬಣ್ಣ, ಗಿಣಿಹಸಿರು ಅಂಚು. ಶಿವ ನೇಯ್ದ. ಸೆರಗಿನ ಹತ್ತಿರದ ಮೂರು ಮೊಳ ಮಾತ್ರ ನನ್ನ ಕೈಯದು. ಪಟ್ಟೆ ಬಿದ್ದಿದೆ, ಬಹಳವೇ ಬಿದ್ದಿದೆ. ಇಳಿಸುವ ಮುಂಚೆ ಶಿವ, “ಅವ್ವಾ, ಅಷ್ಟ್ ಬಿಚ್ಬುಟ್ಟು ತಿರ್ಗ ನೇಯ್ತೀನಿ ಬುಡು” ಎಂದು ಕತ್ತರಿ ತೆಗೆದ. ನಾನು ಅವನ ಕೈ ಹಿಡಿದುಕೊಂಡೆ.

“ಬ್ಯಾಡ ಕಣ್ಲಾ. ಅವ್ಳು ನೋಡ್ಲಿ.”

ಅತ್ತೆ